ಮರದ ಗುರ್ತಿಗೆ ಬೀಳದ ಮುದ್ರೆ

…ಅಲ್ಲ ಕಣೋ, ಆ ಲಗ್ನಪತ್ರಿಕೆನ ಹಂಗೆ ಟೀಪಾಯಿ ಕೆಳಗೆ ಎಸೀಬೇಡ, ಎತ್ತಿಡು. ರುದ್ರಪ್ಪನ ಮನೇದು ಅಂತ ಗೊತ್ತು ನಂಗೆ, ಅದಕ್ಕೇ ಎತ್ತಿಡು ಅಂದಿದ್ದು. ಅವರ ಮನೆಗೂ ನಮ್ಮ ಮನೆಗೂ ಆಗಿಬರಲ್ಲ, ಅವರ ತಾತ ಆ ರುದ್ರಪ್ಪ ನಮ್ಮ ದೊಡ್ಡ ತಾತನ್ನ ಎಲೆಕ್ಷನ್‌ನಲ್ಲಿ ಮುಳುಗಿಸಿದ, ಊರಿನ ಓಟು ಮಾರ್ಕೊಂಡ, ಅಂತ ನಿಮ್ಮಪ್ಪ ನಿಮಗೆ ಹೇಳಿಕೊಟ್ಟಿದಾನೆ. ಅವನಿಗೆ ಅವನ ದೊಡ್ಡಪ್ಪ ಹೇಳಿಕೊಟ್ಟಿದ್ರು. ಅವರು ಸಾಯೋವರೆಗೂ ಅದನ್ನೇ ಹೇಳ್ಕೊಂಡು ಸತ್ರು. ಸುಳ್ಳು. ಅವರು ಸುಳ್ಳು ಹೇಳ್ಲಿಲ್ಲ, ಪಾಪ, ಅವರು ನಂಬಿದ್ರು. ಆದ್ರೆ ಮಾತು ಸುಳ್ಳು. ಅದು ಸುಳ್ಳು ಅಂತ ನಮ್ಮ ಮನೇಲಿ ಗೊತ್ತಿದ್ದೋರು ಇಬ್ಬರೇ, ನಾನು, ನಮ್ಮತ್ತೆ. ಅತ್ತೆ ಹೋಗಿ ಎಷ್ಟೋ ಕಾಲ ಆಯ್ತು. ಇನ್ನು ನಾನೂ ಹೋಗ್ಬಿಟ್ರೆ ಆ ರುದ್ರಪ್ಪ ಕಳ್ಳ ಆಗೇ ಉಳ್ಕೋತಾನೆ. ಕೂತ್ಕೋ. ನೀನೂ ಬಾರೇ, ಆ ಫೋನ್ ಕೆಳಗಿಡು.

ನಾನು ಈ ಯಡಿಯೂರಿಗೆ ಸೊಸೆಯಾಗಿ ಬಂದಾಗ ಇದು ಊರು ಗೊತ್ತಾ, ಊರು. ಈಗ ನೀವು ದೋಸೆ ತಿನ್ನೋಕೆ ಹೋಗ್ತೀರಲ್ಲ, ಆ ರಸ್ತೆ ಇದ್ಯಲ್ಲ, ಅಲ್ಲೆಲ್ಲ ನಮ್ಮ ಸೊಪ್ಪಿನ ಮಡಿ. ಕೆರೆ ನೀರು ಹರಿದು ಬರೋದು. ದಂಟು, ಕೊತ್ತಂಬರಿ, ಮೂಲಂಗಿ, ಆಚೆ ಕಡೆ ಒಂದಿಷ್ಟು ಕನಕಾಂಬರ. ಬೆಳಿಗ್ಗೆ ಕಿತ್ತು ಕಟ್ಟಿ ತಲೆ ಮೇಲೆ ಹೊತ್ಕೊಂಡು ಮಾರ್ಕೆಟ್‌ಗೆ ನಡ್ಕೊಂಡೇ ಹೋಗೋದು. ಅಷ್ಟು ಹೊತ್ತಿಗಾಗ್ಲೇ ಜಯನಗರ ಆಗಿತ್ತು, ಪೂರ್ತಿ ಆಗಿರ್ಲಿಲ್ಲ, ಆಗ್ತಾ ಇತ್ತು. ಸರ್ಕಾರದೋರು ಬಂದು ಹೊಲದ ಮಧ್ಯೆ ಕಲ್ಲು ನೆಟ್ಟು ಹೋಗೋರು. ಪಕ್ಕದ ಊರಿನೋರ ಜಮೀನು ಹೋಗಿತ್ತು, ರಾಗಿ ತೆನೆ ಇರೋವಾಗ್ಲೇ ರಸ್ತೆಗೆ ಗೆರೆ ಹಾಕಿದ್ರು. ಮುಂದಿನ ಸರದಿ ನಮ್ಮದು ಅಂತ ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ನಿಮ್ಮ ದೊಡ್ಡ ತಾತ, ನನ್ನ ಭಾವ, ಮುನಿಶಾಮಣ್ಣ, ಎಲೆಕ್ಷನ್‌ಗೆ ನಿಂತಿದ್ದು. ದೊಡ್ಡಸ್ತಿಕೆಗೆ ಅಲ್ಲ ಕಣೋ. ಅಸೆಂಬ್ಲಿಲಿ ನಮ್ಮೋನು ಒಬ್ಬ ಇದ್ರೆ ಕೆರೆ ಕೆಳಗಿನ ಜಮೀನಾದ್ರೂ ಬಿಡಿಸ್ಕೋಬಹುದು ಅಂತ, ಅಷ್ಟೇ ಆಸೆ.

ಎರಡನೇ ಎಲೆಕ್ಷನ್‌ನಲ್ಲಿ ಒಂದ್ಸಲ ನಿಂತು ಸೋತಿದ್ರು. ಆದ್ರೆ ಸ್ವಲ್ಪದರಲ್ಲಿ ಸೋತಿದ್ದು. ಆಗ ಓಟು ಹಾಕೋದು ಈಗಿನ ಥರ ಅಲ್ಲ, ಮುದ್ರೆನೂ ಇಲ್ಲ, ಬಟನ್ನೂ ಇಲ್ಲ. ಪರದೆ ಹಿಂದೆ ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ ಇಡೋರು, ಪೆಟ್ಟಿಗೆ ಮೇಲೆ ಅವರವರ ಗುರ್ತು ಅಂಟಿಸಿರೋರು. ನೀನು ಹೋಗಿ ನಿನಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರೋದು. ನಮ್ಮ ಭಾವನ ಗುರ್ತು ಮರ. ಊರಿನೋರೆಲ್ಲ ಹೋಗಿ ಮರದ ಪೆಟ್ಟಿಗೆಗೆ ಕೈಮುಗಿದು ಚೀಟಿ ಹಾಕಿ ಬಂದ್ರು. ನಮ್ಮೂರದು ಒಂದೂ ಆಚೀಚೆ ಹೋಗ್ಲಿಲ್ಲ. ಸೋಲಿಸಿದ್ದು ಬೇರೆ ಕಡೆಯೋರು. ಅದಕ್ಕೇ ಮೂರನೇ ಎಲೆಕ್ಷನ್ ಬಂದಾಗ ಭಾವನಿಗೆ ನಮ್ಮೂರ ಮೇಲೆ ಚಿಂತೆನೇ ಇಲ್ಲ, ಹೊರಗಡೆ ಓಡಾಡಿದ್ರು. ರುದ್ರಪ್ಪನ ಎತ್ತಿನ ಗಾಡಿಲೇ ಓಡಾಡಿದ್ದು, ಕೇಳ್ಕೊ. ರುದ್ರಪ್ಪ ತುಮಕೂರು ಕಡೆಯೋರು, ಲಿಂಗವಂತರು, ನಮ್ಮೂರ ಬಾಯಲ್ಲಿ ದಿನಸಿ ಅಂಗಡಿ ಇಟ್ಟಿದ್ರು. ಭಾವನಿಗೂ ಅವರಿಗೂ ಎಂಥ ಸ್ನೇಹ ಅಂದ್ರೆ, ಇವರು ಅವರ ಅಂಗಡಿ ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕ್ಕೊಳ್ಳದೆ ಮನೆಗೆ ಊಟಕ್ಕೆ ಬರ್ತಿರ್ಲಿಲ್ಲ.

ಈ ಸಲ ಕಾನೂನು ಬದಲಾಗಿತ್ತು. ಪೆಟ್ಟಿಗೆ ಒಂದೇ. ಒಂದೇ ಚೀಟಿಲಿ ಎಲ್ಲರ ಗುರ್ತೂ ಇರುತ್ತೆ, ಬೇಕಾದೋರ ಗುರ್ತಿನ ಮೇಲೆ ರಬ್ಬರ್ ಮುದ್ರೆ ಒತ್ತಿ, ಮಡಚಿ ಹಾಕ್ಬೇಕು. ಗಂಡಸರಿಗೆ ನಿಮ್ಮ ತಾತ, ನಮ್ಮ ಯಜಮಾನರು, ಹೇಳಿಕೊಟ್ರು. ಹೆಂಗಸರಿಗೆ ಯಾರು? ಮನೆಲಿ ಎಂಟನೇ ಕ್ಲಾಸು ಓದಿದ್ದೋಳು ನಾನೊಬ್ಬಳೇ. ಭಾವ ನಡುಮನೆಲಿ ಕೂತು, ನನ್ನ ಮುಖ ನೋಡದೆ, ಅತ್ತೆಗೆ ಹೇಳಿದಂಗೆ ನಂಗೆ ಹೇಳಿದ್ರು, "ಚಿಕ್ಕ ಸೊಸೆ ಓದಿದಾಳಲ್ಲಮ್ಮ, ಹೆಂಗಸರ ಓಟು ಅವಳ ಜವಾಬ್ದಾರಿ" ಅಂತ. ನಂಗೆ ಎಷ್ಟು ಜಂಬ ಬಂತು ಅಂತೀಯ. ಇಪ್ಪತ್ತು ವರ್ಷದ ಹುಡುಗಿ. ಆ ಜಂಬಾನೇ ನನ್ನ ತಿಂದಿದ್ದು.

ಅವರೆಕಾಯಿ ಕಾಲ ಅದು. ಮಧ್ಯಾಹ್ನ ಊಟ ಆದ್ಮೇಲೆ ಬೀದಿ ಹೆಂಗಸರೆಲ್ಲ ನಮ್ಮ ಜಗಲಿಗೆ ಬರೋರು, ನೆನೆಸಿದ ಅವರೆಕಾಳು ಇಟ್ಕೊಂಡು ಹಿತುಕ್ತಾ ಕೂರೋರು. ಮುತ್ತೈದೆಯರೆಲ್ಲ ಮುಂದೆ, ನನ್ನ ಸುತ್ತ. ಗಂಡ ಇಲ್ಲದೋರು ಹಿಂದೆ, ಒರಳುಕಲ್ಲಿನ ಹತ್ರ, ಸೆರಗು ತಲೆ ಮೇಲೆ ಹೊದ್ಕೊಂಡು. ಯಾರೂ ಅಲ್ಲಿ ಕೂತ್ಕೊಳ್ಳಿ ಅಂತ ಹೇಳ್ತಿರ್ಲಿಲ್ಲ, ಅವರೇ ಹೋಗಿ ಅಲ್ಲಿ ಕೂರೋರು. ಆಗ ಊರಲ್ಲಿ ಅಂಥೋರು ಬಹಳ ಇದ್ರು ಕಣೇ, ಪ್ಲೇಗಿಗೆ, ಕಾಲರಾಕ್ಕೆ ಗಂಡಂದಿರನ್ನ ಕಳ್ಕೊಂಡಿದ್ದೋರು. ನಮ್ಮತ್ತೆನೂ ಅವರ ಜೊತೆಲೇ. ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಮನೆ ಬರೆದೆ, ಒಂದ್ರಲ್ಲಿ ಮರ ಬರೆದೆ. ಮುದ್ರೆ ಎಲ್ಲಿಂದ ತರ್ಲಿ? ಕುಂಕುಮದ ಭರಣಿ ತಂದೆ. "ನೋಡ್ರವ್ವ, ಅಶ್ವತ್ಥಕಟ್ಟೆ ಮರಕ್ಕೆ ಕುಂಕುಮ ಇಡ್ತೀರಲ್ಲ, ಹಂಗೇ ಇದು. ನಮ್ಮ ಮರಕ್ಕೆ ಕುಂಕುಮ ಇಟ್ಟಂಗೆ ನಡುವೆ ಇಡಿ, ಆಚೀಚೆ ಹೋಗ್ಬಾರದು" ಅಂದೆ. ಎಲ್ಲರಿಗೂ ತಟ್ಟಂತ ಅರ್ಥ ಆಯ್ತು. ಒಬ್ಬೊಬ್ಬಳೂ ಬಂದು ಭರಣಿಗೆ ಬೆರಳು ಅದ್ದಿ ಮರದ ಮೇಲೆ ಇಟ್ಟು ನಗಾಡ್ಕೊಂಡು ಹೋದ್ಲು. ಒಂದು ದಿನ ಅಲ್ಲ, ಎಂಟು ದಿನ ಮಾಡಿಸಿದೀನಿ. ಹಿಂದೆ ಕೂತಿದ್ದೋರನ್ನ ಕರೀಲಿಲ್ಲ. ಹೆಂಗೆ ಕರೀಲಿ? ಕುಂಕುಮದ ಭರಣಿ ಅವರ ಮುಂದೆ ಹಿಡಿಯೋದು ಅವರಿಗೆ ಅವಮಾನ ಮಾಡಿದಂಗೆ ಅಲ್ವಾ ಆಗ. ನೋಡ್ತಿದಾರಲ್ಲ, ನೋಡೇ ಕಲೀತಾರೆ ಅಂದ್ಕೊಂಡೆ. ಅಂದ್ಕೊಂಡೆ ಅಷ್ಟೇ. ಕೇಳ್ಲಿಲ್ಲ.

ಓಟಿನ ದಿನ ಜಾತ್ರೆ ಇದ್ದಂಗಿತ್ತು ಸ್ಕೂಲ್ ಹತ್ರ. ಬೇರೆ ಕಡೆ ಎಲ್ಲ ಕಷ್ಟ ಇದೆ, ದೊಡ್ಡ ಪಕ್ಷದೋರು ಜೀಪಲ್ಲಿ ಓಡಾಡ್ತಿದಾರೆ, ನಮ್ಮೂರ ಓಟು ಪೂರ್ತಿ ಬಿದ್ರೆ ಮಾತ್ರ ಗೆಲ್ತೀವಿ ಅಂತ ನಿಮ್ಮ ತಾತ ಹೇಳಿದ್ರು. ನಾನು ಬೆಳಿಗ್ಗೆಯಿಂದ ಮನೆಮನೆಗೆ ಹೋಗಿ ಎಬ್ಬಿಸಿ ಕಳಿಸಿದೀನಿ. ಕಣ್ಣು ಕಾಣ್ದೇ ಇರೋ ಮುದುಕೀರನ್ನೂ ಕೈ ಹಿಡ್ಕೊಂಡು ಬಾಗಿಲವರೆಗೆ ಬಿಟ್ಟು ಬಂದೆ. ಅತ್ತೆ ಬಂದ್ರು, ಬೆರಳ ಮಸಿ ತೋರಿಸಿದ್ರು. "ಮರಕ್ಕೇ ತಾನೆ ಅತ್ತೆ?" ಅಂದೆ. "ಮರ ಅಂದ್ಕೊಂಡೇ ಹಾಕಿದೀನಿ ಕಣವ್ವ" ಅಂದ್ರು. ನೋಡು, ಆ ಮಾತು ಇನ್ನೂ ಕಿವಿಲಿದೆ. ನಾನು ಅದನ್ನ ಆಗ ಸರಿಯಾಗಿ ಕೇಳಿಸ್ಕೊಂಡಿದ್ರೂ ಏನು ಮಾಡಕ್ಕಾಗ್ತಿತ್ತು ಬಿಡು, ಚೀಟಿ ಪೆಟ್ಟಿಗೆಗೆ ಬಿದ್ದಾಗಿತ್ತು.

ಎಣಿಕೆ ದಿನ ನಿಮ್ಮ ತಾತ ಏಜೆಂಟಾಗಿ ಒಳಗೆ ಕೂತಿದ್ರು. ಸಾಯಂಕಾಲ ಬಂದ್ರು, ಚಪ್ಪಲಿನೂ ಬಿಡದೆ ಜಗಲಿ ಮೇಲೆ ಕೂತ್ಬಿಟ್ರು. ಸೋತ್ವಿ ಅಂದ್ರು. ಎಷ್ಟರಲ್ಲಿ ಅಂತೀಯ? ಮದುವೆ ಮನೆಲಿ ಒಂದು ಪಂಕ್ತಿಗೆ ಕೂರ್ತಾರಲ್ಲ, ಅಷ್ಟು ಜನ. ಅಷ್ಟೇ. ಅದಾದ್ಮೇಲೆ ಅವರು ಹೇಳಿದ್ದು ಇನ್ನೊಂದು ಮಾತು. ನಮ್ಮೂರ ಪೆಟ್ಟಿಗೆಲಿ ಖಾಲಿ ಚೀಟಿಗಳು ಇದ್ವು, ಯಾರ ಮೇಲೂ ಮುದ್ರೆ ಇಲ್ಲ, ನೀಟಾಗಿ ಮಡಚಿ ಹಾಕಿದಾರೆ, ಅವನ್ನೆಲ್ಲ ತೆಗೆದು ಪಕ್ಕಕ್ಕಿಟ್ರು, ಅದರಲ್ಲಿ ಅರ್ಧ ಬಿದ್ದಿದ್ರೂ ಗೆದ್ದಿರ್ತಿದ್ವಿ ಅಂತ. ಭಾವನ ಮುಖ ನೋಡ್ಬೇಕಿತ್ತು ನೀನು. ಬೇರೆಯೋರು ಸೋಲಿಸಿದ್ರೆ ತಡ್ಕೋತಿದ್ರು. ಖಾಲಿ ಚೀಟಿ ಅಂದ್ರೆ ಅವರಿಗೆ ಒಂದೇ ಅರ್ಥ, ಯಾರೋ ಊರೊಳಗೆ ಕೂತು ಜನಕ್ಕೆ ಹೇಳಿಕೊಟ್ಟಿದಾರೆ, ಹಾಕಿದಂಗೂ ಇರ್ಬೇಕು ಹಾಕದಂಗೂ ಇರ್ಬೇಕು, ಅಂತ. ಯಾರು? ಅದೇ ಹೊತ್ತಿಗೆ, ಒಂದು ವಾರನೂ ಆಗಿಲ್ಲ, ರುದ್ರಪ್ಪನ ಅಂಗಡಿಗೆ ಸೀಮೆಎಣ್ಣೆ ಡಿಪೋ ಸಿಕ್ತು. ಅವನು ವರ್ಷದ ಹಿಂದೆ ಅರ್ಜಿ ಹಾಕಿದ್ದನಂತೆ. ಯಾರು ಕೇಳ್ತಾರೆ ಅದನ್ನ.

ಊರೆಲ್ಲ ಗುಸುಗುಸು ಶುರುವಾದ ದಿನವೇ ಅತ್ತೆ ನನ್ನ ಹಿತ್ತಲಿಗೆ ಕರೆದ್ರು. ಬಾವಿ ಹತ್ರ ಪಾತ್ರೆ ಬೆಳಗೋ ಕಲ್ಲಿನ ಮೇಲೆ ಕೂತ್ರು. "ಖಾಲಿ ಚೀಟಿ ಹಾಕಿದ್ದು ನಾವು ಕಣವ್ವ," ಅಂದ್ರು. ನಂಗೆ ಅರ್ಥ ಆಗ್ಲಿಲ್ಲ. ಯಾರು ನಾವು ಅಂದೆ. "ನಾವು ಗಂಡ ಇಲ್ಲದೋರು. ಕುಂಕುಮ ಇಟ್ಟಂಗೆ ಅಂತ ನೀನೇ ಹೇಳಿದ್ಯಲ್ಲವ್ವ. ನಮ್ಮ ಕೈಲಿ ಇಡಬಹುದಾ? ನಾವು ಇಡೋದು ಬ್ಯಾಡ, ಮನಸಲ್ಲಿ ಮರ ಅಂದ್ಕೊಂಡು ಹಾಕಾಣ, ದೇವರಿಗೆ ತಿಳೀತದೆ ಅಂತ ಎಲ್ಲರೂ ಮಾತಾಡ್ಕೊಂಡ್ವಿ. ನನ್ನ ಕೈಲಿ ನನ್ನ ಮಗನ ಗುರ್ತಿನ ಮೇಲೆ ಇಟ್ಟು, ಅವನಿಗೆ ಏನಾದ್ರೂ ಆದ್ರೆ ನಾನೇನು ಮಾಡ್ಲಿ?"

ಕೇಳಿದ್ಯಾ. ಹೆತ್ತ ತಾಯಿ. ಮಗನಿಗೆ ಕೆಟ್ಟದಾಗಬಾರದು ಅಂತ ಮಗನಿಗೇ ಓಟು ಹಾಕ್ಲಿಲ್ಲ. ಹಿಂದಿನ ಸಲ ಪೆಟ್ಟಿಗೆಗೆ ಹಾಕಿದ್ರಲ್ಲ ಇವರೇ, ಸರಿಯಾಗೇ ಹಾಕಿದ್ರು, ಆಗ ಕುಂಕುಮದ ಮಾತು ಎತ್ತೋಕೆ ನಾನು ಇರ್ಲಿಲ್ಲ. ಅವರಿಗೆ ಬುದ್ಧಿ ಇಲ್ದೆ ಆಗಿದ್ದಲ್ಲ ಕಣೋ, ನಾನು ಬುದ್ಧಿವಂತಿಕೆ ತೋರಿಸೋಕೆ ಹೋಗಿ ಆಗಿದ್ದು. ಭಾವನಿಗೆ ಹೇಳ್ತೀನಿ ಅತ್ತೆ ಅಂದೆ. ಅವರು ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡ್ರು. ಹೇಳಿದ್ರೆ ಮುಂಡೇರು ಊರು ಹಾಳು ಮಾಡಿದ್ರು ಅಂತ ನಮ್ಮನ್ನ ಬೀದಿಲಿ ಓಡಾಡೋಕೆ ಬಿಡಲ್ಲ, ಆಣೆ ಹಾಕು ಅಂದ್ರು. ಹಾಕಿದೆ. ಅವರಿಗೋಸ್ಕರ ಹಾಕಿದೆ ಅಂತ ಎಷ್ಟೋ ವರ್ಷ ನಂಗೆ ನಾನೇ ಹೇಳ್ಕೊಂಡಿದೀನಿ. ಸುಳ್ಳು ಯಾಕೆ ಹೇಳ್ಲಿ, ಈ ವಯಸ್ಸಲ್ಲಿ. ಚಿಕ್ಕ ಸೊಸೆ ತಪ್ಪು ಹೇಳಿಕೊಟ್ಲು ಅಂತ ನನ್ನ ಹೆಸರು ಬರುತ್ತಲ್ಲ, ಆ ಭಯನೂ ಇತ್ತು.

ಮಾರನೇ ದಿನ ರುದ್ರಪ್ಪ ತಾನಾಗೇ ಮನೆಗೆ ಬಂದ. ಭಾವ ಒಳಗೆ ಕರೀಲಿಲ್ಲ, ಅಂಗಳದಲ್ಲೇ ನಿಲ್ಲಿಸಿದ್ರು. ಬಾಗಿಲ ಹಿಂದೆ ನಾನು, ನನ್ನ ಪಕ್ಕ ಅತ್ತೆ. ಆ ಮನುಷ್ಯ ಅಂಗಿ ಒಳಗಿಂದ ಕರಡಿಗೆ ತೆಗೆದ. ಕೊರಳಲ್ಲಿ ಲಿಂಗ ಇಟ್ಕೊಳ್ಳೋ ಬೆಳ್ಳಿ ಕರಡಿಗೆ ಇರುತ್ತಲ್ಲ, ಅದು. ಅದನ್ನ ಅಂಗೈಲಿ ಇಟ್ಕೊಂಡು, "ಮುನಿಶಾಮಣ್ಣ, ಇದನ್ನ ಮುಟ್ಟಿ ಹೇಳ್ತೀನಿ, ನಾನು ನಿಮಗೆ ಎರಡು ಬಗೆದಿಲ್ಲ" ಅಂದ. ಭಾವ ಏನಂದ್ರು ಗೊತ್ತಾ? "ದೇವರನ್ನ ಒಳಗಿಡು, ಅದನ್ನೂ ಮಾರ್ಕೋಬೇಡ" ಅಂದ್ರು. ನನ್ನ ಬಾಯಿವರೆಗೂ ಬಂತು. ಒಂದು ಹೆಜ್ಜೆ, ಬಾಗಿಲು ದಾಟೋದು, ಅಷ್ಟೇ ಇದ್ದಿದ್ದು. ಅತ್ತೆ ನನ್ನ ಮಣಿಕಟ್ಟು ಹಿಡ್ಕೊಂಡಿದ್ರು. ಬಿಡಿಸ್ಕೋಬಹುದಿತ್ತು, ವಯಸ್ಸಾದ ಕೈ ಅದು. ಬಿಡಿಸ್ಕೊಳ್ಲಿಲ್ಲ. ಆ ಮನುಷ್ಯ ಕರಡಿಗೆ ಅಂಗಿ ಒಳಗೆ ಹಾಕ್ಕೊಂಡು ಹೊರಟುಹೋದ.

ಊರಿನೋರು ಅವನ ಅಂಗಡಿಗೆ ಹೋಗೋದು ಬಿಟ್ರು. ಮಳೆಗಾಲ ಬರೋ ಹೊತ್ತಿಗೆ ಬಾಗಿಲು ಹಾಕ್ಕೊಂಡು ತಿಲಕ್ ನಗರದ ಕಡೆ ಹೋದ. ಸರ್ಕಾರದೋರು ನಮ್ಮ ಮಡಿಗೂ ಕಲ್ಲು ನೆಟ್ರು, ಬಾವಿಗೆ ಮಣ್ಣು ತುಂಬಿ ಅದರ ಮೇಲೇ ರಸ್ತೆ ಎಳೆದ್ರು. ಭಾವ ಗೆದ್ದಿದ್ರೆ ಉಳೀತಿತ್ತಾ ಅಂದ್ರೆ, ನಂಗೊತ್ತಿಲ್ಲಪ್ಪ. ಗೆದ್ದೋರ ಊರುಗಳೂ ಹೋದ್ವು. ಭೂಮಿ ಹೋಗೋದು ಹೆಂಗಿದ್ರೂ ಹೋಗ್ತಿತ್ತೇನೋ. ಆದ್ರೆ ಆ ಸ್ನೇಹ ಸರ್ಕಾರ ತಗೊಂಡಿದ್ದಲ್ಲ. ಅದು ನಾನು ತಗೊಂಡಿದ್ದು. ಭಾವ ಆಮೇಲೆ ಎಲೆ ಅಡಿಕೆನೇ ಬಿಟ್ಬಿಟ್ರು. ಯಾರೂ ಯಾಕೆ ಅಂತ ಕೇಳ್ಲಿಲ್ಲ, ನಂಗೆ ಮಾತ್ರ ಗೊತ್ತಿತ್ತು.

ಅದರ ಮುಂದಿನ ಎಲೆಕ್ಷನ್ ಹೊತ್ತಿಗೆ ನಿಮ್ಮ ತಾತ ಹೋಗಿದ್ರು, ಜಾಂಡೀಸು. ಇಪ್ಪತ್ತೈದಕ್ಕೆ ನಾನೂ ಒರಳುಕಲ್ಲಿನ ಹತ್ರ ಹೋಗಿ ಕೂತೆ. ಓಟು ಹಾಕೋಕೆ ಹೋದೆ, ಆ ಮುದ್ರೆ ಕೈಲಿ ಹಿಡ್ಕೊಂಡೆ. ಏನಿದೆ ಅದರಲ್ಲಿ? ಒಂದು ಮರದ ತುಂಡು, ಅದಕ್ಕೊಂದು ರಬ್ಬರು, ಅಷ್ಟೇ. ಒತ್ತಿದೆ ನೋಡು, ಚೀಟಿ ಹರಿದುಹೋಗೋ ಹಂಗೆ ಒತ್ತಿದೆ. ಮನೆಗೆ ಬರೋ ದಾರಿಯುದ್ದಕ್ಕೂ ಅತ್ತಿದೀನಿ. ಒಂದೇ ಒಂದು ದಿನ ಆ ಭರಣಿ ಪಕ್ಕಕ್ಕಿಟ್ಟು, ಒಂದು ಆಲೂಗೆಡ್ಡೆ ಕೊಯ್ದು, ಮಸಿಲಿ ಅದ್ದಿ, ಬನ್ನಿ ಅತ್ತೆ ನೀವೂ ಒಂದ್ಸಲ ಒತ್ತಿ ಅಂದಿದ್ರೆ ಆಗ್ತಿತ್ತು. ಅಷ್ಟು ಸುಲಭದ ಕೆಲಸ ಅದು.

ಅದಕ್ಕೇ ಹೇಳೋದು, ಯಾರಿಗಾದ್ರೂ ಏನಾದ್ರೂ ಕಲಿಸೋವಾಗ ಮುಂದೆ ಕೂತೋರು ತಲೆ ಆಡಿಸಿದ್ರು ಅಂತ ಎದ್ದು ಬರ್ಬೇಡಿ, ಹಿಂದೆ ಕೂತೋರ ಹತ್ರ ಹೋಗಿ ಅವರ ಕೈಲೇ ಒಂದ್ಸಲ ಮಾಡಿಸಿ ನೋಡಿ. ತಪ್ಪು ಮಾಡಿದ್ರೆ ಅವತ್ತೇ ಬಾಗಿಲು ದಾಟಿ ಹೋಗಿ ಹೇಳಿ. ಮದುವೆ ಯಾವತ್ತು ಅಂತ ಇದೆ ಆ ಪತ್ರಿಕೆಲಿ? ಭಾನುವಾರನಾ. ನಿಮ್ಮಪ್ಪ ಬರ್ದೇ ಇದ್ರೂ ಪರವಾಗಿಲ್ಲ, ನೀನು ಗಾಡಿ ತೆಗಿ. ರುದ್ರಪ್ಪನ ಮಗ ಇನ್ನೂ ಇದಾನಂತೆ, ಅವನ ಮುಂದೆ ನಾನು ಇದನ್ನೇ ಹೇಳ್ಬೇಕು. ಆಟೋ ಬೇಡ, ನಂಗೆ ಸೊಂಟ ಹಿಡ್ಕೊಳುತ್ತೆ.