ಕಿಟಕಿಯಲ್ಲಿದ್ದ ಎದೆಗೂಡು

ಆಲದ ಮರ ದಾಟಿದ ಮೇಲೆ ಕೆಮ್ಮು ಕೇಳಿಸಿತು.

ಖಹ್… ಖಹ್… ಖಹ್. ಕಫದ ಕೆಮ್ಮಲ್ಲ, ಒಣ ಕೆಮ್ಮು. ಅದರ ಬೆನ್ನಿಗೇ ಉಸಿರು ಒಳಗೆಳೆದುಕೊಳ್ಳುವ ಸದ್ದು… ಸುಂಯ್… ಸೈಕಲ್ ಟ್ಯೂಬಿನಿಂದ ಗಾಳಿ ಹೋಗುವಂತೆ.

ಮದಿಹಾ ನಿಂತಳು.

ಮದಿಹಾ ಯಾರೆಂದು ಮೊದಲು ಹೇಳಬೇಕು. ಕಲಬುರಗಿಯಲ್ಲಿ ನಮ್ಮ ಎದುರು ಮನೆಯ ಫಕ್ರುದ್ದೀನ್ ಸಾಹೇಬರ ಹಿರಿಯ ಮಗಳು. ವಿವೇಕಾನಂದ ವಕೀಲರ ಕೈಕೆಳಗೆ ಜೂನಿಯರ್. ಸುಳ್ಳು ಹೇಳುವ ಹುಡುಗಿಯಲ್ಲ, ಸುಮ್ಮಸುಮ್ಮನೆ ಹೆದರುವವಳೂ ಅಲ್ಲ. ಆಕೆ ಓದಿದ ಕಾನ್ವೆಂಟಿನಲ್ಲಿ ಹೆದರಿದವರನ್ನು ಸಿಸ್ಟರುಗಳು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಾನೂ ಅಲ್ಲೇ ಓದಿದವಳು, ನನಗೆ ಗೊತ್ತು. ಆದ್ದರಿಂದ ಆಕೆ ಹೇಳಿದ್ದನ್ನು ಹೇಳಿದ ಹಾಗೆಯೇ ಇಡುತ್ತೇನೆ.

ಆ ರಾತ್ರಿ ಆಕೆ ಕಮಲಾಪುರಕ್ಕೆ ಹೋದದ್ದು ಅಂಬಮ್ಮ ಎಂಬ ಹೆಂಗಸಿನ ಸಹಿಗಾಗಿ.

ಅಂಬಮ್ಮನ ಗಂಡ ದೇವೀಂದ್ರಪ್ಪ ಕಪನೂರಿನಲ್ಲಿ ಗ್ರಾನೈಟ್ ಕೊಯ್ಯುವ ಒಂದು ಕಾರ್ಖಾನೆಯಲ್ಲಿ ಇದ್ದ. ಕಲ್ಲು ಕೊಯ್ಯುವಾಗ ಬ್ಲೇಡಿನ ಮೇಲೆ ನೀರು ಬೀಳುತ್ತಲೇ ಇರಬೇಕು. ಬಿದ್ದರೆ ಹುಡಿ ಕೆಸರಾಗಿ ಕೆಳಗಿಳಿಯುತ್ತದೆ. ಬೇಸಿಗೆಯಲ್ಲಿ ಮಾಲೀಕ ನೀರು ಬಂದ್ ಮಾಡಿಸುತ್ತಿದ್ದ. ಒಣಗಲ್ಲನ್ನೇ ಕೊಯ್ಯಿಸುತ್ತಿದ್ದ. ಹುಡಿಯೆಲ್ಲ ದೇವೀಂದ್ರಪ್ಪನ ಎದೆಗೆ ಇಳಿಯಿತು. ಮೊದಲು ಕ್ಷಯವೆಂದು ಗುಳಿಗೆ ನುಂಗಿಸಿದರು. ಕಡೆಗೆ ಒಬ್ಬ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇದು ಕ್ಷಯ ಅಲ್ಲಮ್ಮ, ಕಲ್ಲು" ಎಂದರು. ಅಷ್ಟರಲ್ಲಿ ತಡವಾಗಿತ್ತು. ಅವನು ಹೋದ. ಅಂಬಮ್ಮ ತವರೂರು ಕಮಲಾಪುರಕ್ಕೆ ಬಂದು ಖಾನಾವಳಿಗೆ ರೊಟ್ಟಿ ಬಡಿದು ಕೊಡತೊಡಗಿದಳು.

ಕೆಲಸದಿಂದ ಬಂದ ರೋಗದಲ್ಲಿ ಕಾರ್ಮಿಕ ಸತ್ತರೆ ಹೆಂಡತಿ ಪರಿಹಾರ ಕೇಳಬಹುದು. ಆದರೆ ಸತ್ತ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಬೀಳಬೇಕು. ದಾಟಿದರೆ ತಡಕ್ಕೆ ಕಾರಣ ಹೇಳಿ ಬೇಡಿಕೊಳ್ಳಬೇಕು. ಒಪ್ಪುವುದು ಬಿಡುವುದು ಕೋರ್ಟಿಗೆ ಬಿಟ್ಟದ್ದು. ಮಾಲೀಕ ಪ್ರತಿ ಹಬ್ಬಕ್ಕೂ "ಮುಂದಿನ ಹಬ್ಬಕ್ಕ ನೋಡೂಣು" ಎನ್ನುತ್ತ ಬಂದಿದ್ದ. ಅಂಬಮ್ಮ ವಕೀಲರ ಮೆಟ್ಟಿಲು ಹತ್ತಿದ್ದು ಎರಡನೆಯ ವರ್ಷದ ಬೇಸಿಗೆಯಲ್ಲಿ.

"ಯಾವತ್ತು ತೀರಿಕೊಂಡ್ರು?" ಎಂದು ವಿವೇಕಾನಂದ ವಕೀಲರು ಕೇಳಿದ್ದರು.

"ಕಾರ ಹುಣ್ಣಿಮಿ ಮರುದಿನ್ರಿ. ಈ ಕಾರ ಹುಣ್ಣಿಮಿಗಿ ಎರಡು ವರ್ಷ ತುಂಬತಾವ. ಇನ್ನಾ ವ್ಯಾಳ್ಯಾ ಅದರಿ."

"ಎಕ್ಸ್‌ರೇ ಎಲ್ಲದ?"

ಅಂಬಮ್ಮ ನೆಲ ನೋಡಿದ್ದಳು. "ಕಳದು ಹೋಗ್ಯದರಿ."

"ಅದಿಲ್ಲಂದ್ರ ಅವರು ಕ್ಷಯ ಅಂತಾರ, ಬೀಡಿ ಅಂತಾರ. ಹುಡುಕವ್ವ."

ನಮ್ಮ ಕಡೆ ಸಾವನ್ನು ತಾರೀಖಿನಿಂದ ಯಾರೂ ನೆನಪಿಡುವುದಿಲ್ಲ. ಹುಣ್ಣಿಮೆ ಅಮಾವಾಸ್ಯೆಯೇ ಲೆಕ್ಕ. ವಕೀಲರೂ ಇದೇ ಮಣ್ಣಿನವರು, ತಲೆಯಾಡಿಸಿ ಒಪ್ಪಿಕೊಂಡರು. ಮರಣ ಪತ್ರ ಕೈಗೆ ಬಂದ ಮಧ್ಯಾಹ್ನ ಅವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

"ಮದಿಹಾ… ಹೋದ ವರ್ಷ ಅಧಿಕ ಮಾಸ ಬಂದಿತ್ತು! ಹುಣ್ಣಿಮಿ ಮುಂದಕ್ಕ ಸರದದ. ತಾರೀಖು ಸರೀತದೇನು? ಎರಡು ವರ್ಷ ನಾಳಿಗೇ ಮುಗೀತದ!"

ಅಂಬಮ್ಮನ ಫೋನು ಬಂದ್ ಇತ್ತು. ಕಾಗದ ಸಿದ್ಧವಾಗುವ ಹೊತ್ತಿಗೆ ಕತ್ತಲಾಯಿತು. ಮದಿಹಾ ತಮ್ಮ ಗುಫ್ರಾನನ ಬೈಕಿನ ಮೇಲೆ ಹೊರಟಳು. ಕಮಲಾಪುರದ ಹತ್ತಿರ ಹಿಂದಿನ ಚಕ್ರ ಪಂಕ್ಚರ್. ರಸ್ತೆಯ ಪಕ್ಕದಲ್ಲಿ ಕೆಂಪು ಬಾಳೆಹಣ್ಣು ಮಾರುವವರು ಗಾಡಿ ಮುಚ್ಚುತ್ತಿದ್ದರು; ಅವರಲ್ಲೊಬ್ಬರನ್ನು ಕೇಳಿದಾಗ, ಆಲದ ಮರ, ಬಾವಿ, ಅಲ್ಲಿಂದ ಒಳಗೆ ಎಂದರು.

"ನಾ ಇದನ್ನ ಮಾಡಸ್ತೀನಿ, ನೀ ನಡಿ ಆಪಾ," ಎಂದ ಗುಫ್ರಾನ್. "ಡರ್ ಗಯೀ ಕ್ಯಾ?"

"ನಿನ್ನಂಥಾವನ ಕೂಡ ಬೈಕಿನ ಮ್ಯಾಲ ಬಂದೀನಿ. ಇನ್ನ್ಯಾತರ ಹೆದರಿಕಿ?" ಎಂದು ನಡೆದಳು.

ಕೆಮ್ಮು ಬಂದದ್ದು ಬಾವಿಯ ಕಟ್ಟೆಯಿಂದ. ಅರ್ಧ ಚಂದ್ರನಿದ್ದ. ಕಟ್ಟೆಯ ಮೇಲೆ ಯಾರೋ ಟವೆಲ್ ಹೊದ್ದು ಕುಳಿತಿದ್ದರು. ಮುಖ ಕಾಣಲಿಲ್ಲ.

"ಅಂಬಮ್ಮನ ಮನಿಗೇನ್ರಿ…" ಪಿಸುಮಾತು.

"ಹೌದ್ರಿ. ಯಾವ ಕಡಿ?"

"ಸೀದಾ ಹೋಗ್ರಿ… ಕರೆಂಟ್ ಹೋಗ್ಯದ. ಕಿಡಕ್ಯಾಗ ಎದಿಗೂಡು ಕಾಣ್ತದ… ಅದೇ ಮನಿ."

ಏನು ಮಾತಿದು ಎಂದುಕೊಂಡಳು ಮದಿಹಾ. ಮತ್ತೆ ಕೆಮ್ಮು. ಖಹ್… ಖಹ್… ಸುಂಯ್…

"ಆರಾಮಿಲ್ಲೇನ್ರಿ? ಬಾವಿ ಬಾಜೂಕೇ ಕುಂತೀರಿ, ಒಂದಿಷ್ಟು ನೀರು ಕುಡೀರಿ."

ಅವನು ನಕ್ಕ ಹಾಗೆ ಕೇಳಿಸಿತು.

"ನೀರು ಬಿಟ್ಟಿದ್ರ… ಈಗ್ಯಾಕ ಕೆಮ್ಮತಿದ್ದೆ."

ಆಕೆ ಮುಂದೆ ಹೆಜ್ಜೆಯಿಟ್ಟಳು. ಬೆನ್ನ ಹಿಂದಿನಿಂದ ಇನ್ನೊಂದು ಮಾತು, ಇನ್ನೂ ಸಣ್ಣದಾಗಿ.

"ಹುಣ್ಣಿಮಿ ತನಕ ಕಾಯಬ್ಯಾಡಂತ ಹೇಳ್ರಿ ಅಕಿಗಿ."

ಹುಣ್ಣಿಮೆಯ ಮಾತು ನಡೆದದ್ದು ವಕೀಲರ ಆಫೀಸಿನಲ್ಲಿ. ಅಲ್ಲಿದ್ದವರು ಮೂವರೇ. ಅದು ಹೊಳೆದದ್ದು ನಾಲ್ಕು ಹೆಜ್ಜೆ ನಡೆದ ಮೇಲೆ. ತಿರುಗಿದಳು.

ಕಟ್ಟೆ ಖಾಲಿ. ಎದ್ದು ಹೋದ ಚಪ್ಪಲಿಯ ಸದ್ದಿಲ್ಲ. ಬಾವಿಯ ಗಡಗಡಿ ರಾಟೆ ಒಂದೇ ಒಂದು ಸಲ ಕಿರ್ರ್… ಎಂದಿತು. ಆಮೇಲೆ ಅದೂ ಇಲ್ಲ.

ಓಡಬೇಕೆನಿಸಿತಂತೆ. ಓಡಲಿಲ್ಲ. ಸಹಿ ಇನ್ನೂ ಆಗಿರಲಿಲ್ಲವಲ್ಲ.

ಓಣಿಯೆಲ್ಲ ಕತ್ತಲು. ಕೊನೆಯ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು… ಪಟ್, ಪಟ್, ಪಟ್. ಅದರ ಕಿಟಕಿಯಲ್ಲಿ ಮಾತ್ರ ಬೆಳಕು. ಆ ಬೆಳಕಿನಲ್ಲಿ ಪಕ್ಕೆಲುಬುಗಳು. ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು. ನಡುವೆ ಅಕ್ಕಿ ಎರಚಿದಂತೆ ಬಿಳಿ ಚುಕ್ಕೆ.

ಎಕ್ಸ್‌ರೇ! ಒಡೆದ ಗಾಜಿನ ಜಾಗಕ್ಕೆ ಮೊಳೆ ಹೊಡೆದು ಹಚ್ಚಿದ್ದರು. ಕಳೆದುಹೋಗಿದೆ ಎಂದ ಅದೇ ಎಕ್ಸ್‌ರೇ. ಮದಿಹಾಳ ಜೀವಕ್ಕೆ ಸಮಾಧಾನವಾಯಿತು. ಆದರೆ ಆ ಸಮಾಧಾನ ನಿಲ್ಲಲಿಲ್ಲ.

ಪಕ್ಕೆಲುಬು ಮೇಲೇಳುತ್ತಿತ್ತು. ಇಳಿಯುತ್ತಿತ್ತು. ಏಳುವಾಗ… ಸುಂಯ್…

ಗಾಳಿ ಇರಬೇಕು ಎಂದುಕೊಂಡಳು. ತಲೆಯೆತ್ತಿ ಬೇವಿನ ಗಿಡ ನೋಡಿದಳು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಬಾಗಿಲು ತಟ್ಟಿದಳು. ರೊಟ್ಟಿಯ ಸದ್ದು ನಿಂತಿತು. ಅಂಬಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲು ತೆಗೆದಳು. ಮನೆಯಲ್ಲಿ ಅವಳೊಬ್ಬಳೇ.

"ಅಯ್ಯ, ವಕೀಲಬಾಯಿ! ಈ ವ್ಯಾಳ್ಯಾದಾಗ? ಮನಿ ಯಾರ ತೋರಿಸಿದ್ರು?"

"ಬಾವಿ ಕಟ್ಟಿ ಮ್ಯಾಲ ಒಬ್ಬರು ಕುಂತಿದ್ರು. ಕೆಮ್ಮು ಭಾಳ ಇತ್ತು ಅವರಿಗಿ."

ಅಂಬಮ್ಮ ಹೊಸ್ತಿಲು ದಾಟಿ ಬಾವಿಯ ಕಡೆ ನೋಡಿದಳು.

"ಏನಂದ್ರು?"

"ಹುಣ್ಣಿಮಿ ತನಕ ಕಾಯಬ್ಯಾಡಂದ್ರು. ಖರೇನೇ ಅದ ಅಂಬಮ್ಮಕ್ಕ. ತಾರೀಖಿನ ಲೆಕ್ಕದಾಗ ನಾಳಿಗೇ ಕಡಿ ದಿನ. ಈಗೇ ಸಹಿ ಆಗಬೇಕು."

ಕುಳಿತವರು ಯಾರು ಎಂದು ಅಂಬಮ್ಮ ಕೇಳಲಿಲ್ಲ. ಕೈ ತೊಳೆದಳು. ಚಾರ್ಜಿಂಗ್ ಲೈಟಿನ ಮುಂದೆ ಕುಳಿತು, ಒಂದೊಂದೇ ಅಕ್ಷರ ತಿದ್ದಿ ಸಹಿ ಮಾಡಿದಳು.

ಮದಿಹಾ ಕಿಟಕಿಯ ಕಡೆ ನೋಡಿದಳು. "ಕಳದದ ಅಂದಿದ್ರಿ."

"ಸುಳ್ಳು ಹೇಳಿದ್ದೆರಿ." ಅಂಬಮ್ಮನ ದನಿ ಗಟ್ಟಿಯಾಗಿಯೇ ಇತ್ತು. "ಅವರು ತೀರಿಕೊಂಡ ವರ್ಷನೇ ದೀಪಾವಳ್ಯಾಗ ಸೂರ್ಯಗ್ರಹಣ ಹಿಡೀತಲ್ಲರಿ, ಓಣಿ ಮಂದಿ ಎಲ್ಲಾ ಇದರಾಗೇ ನೋಡಿದ್ರು. ಮುಂದ ಕಿಡಕಿ ಗಾಜ ಒಡೀತು. ಮಳಿ ಸಿಡೀತದಂತ ತಂದು ಹಚ್ಚಿದೆ. ಅವತ್ತ ರಾತ್ರಿನೇ ಕೇಳಿಸ್ತು."

"ಅಂಜಿಕಿ ಬರಲಿಲ್ಲೇನು?"

"ನನ್ನ ಗಂಡನ ಕೆಮ್ಮಿಗಿ ನಾ ಅಂಜಬೇಕೇನ್ರಿ? ಅದರ ಬಾಜೂಕೇ ಮಲಗಿ ಎದ್ದಾಕಿ ನಾ. ಅದು ಕೇಳಲಿಲ್ಲಂದ್ರ ನಿದ್ದಿ ಬರಲ್ಲ ನನಗ." ಸೆರಗು ಬಾಯಿಗೆ ಹಿಡಿದಳು. "ಇದನ್ನ ಕೊಟ್ಟರ… ಅವರೂ ಇದರ ಸಂಗಟ ಹೋಗ್ತಾರ, ವಕೀಲಬಾಯಿ."

ಕಾನೂನಿನ ಪುಸ್ತಕದಲ್ಲಿ ಇದಕ್ಕೆ ಕಲಮು ಇಲ್ಲ. ಮದಿಹಾ ಇದ್ದದ್ದನ್ನೇ ಹೇಳಿದಳು.

"ಕೊಡದಿದ್ರ ಬೀಡಿ ಸೇದಿ ಸತ್ತ ಅಂತ ಬರಸ್ತಾರಕ್ಕ. ಕೋರ್ಟಿನಾಗ ಅದೇ ಖರೆ ಆಗಿ ಉಳೀತದ."

"ಒಂದು ಬೀಡಿ ಮುಟ್ಟಿಲ್ಲ ಅವರು!"

ಕಿಟಕಿಯಲ್ಲಿ ಕೆಮ್ಮು ಬಂತು. ಖಹ್. ಒಂದೇ ಸಲ. ಯಾರೋ ಮಾತಿನ ನಡುವೆ ಬಾಯಿ ಹಾಕಿದ ಹಾಗೆ.

ಅಂಬಮ್ಮ ಕಿಟಕಿಯತ್ತ ತಿರುಗಿ ಸಿಡುಕಿದಳು. "ಆತರಿ, ಆತು! ಕೇಳಿಸ್ತು ನನಗ. ಇದ್ದಾಗೂ ಹಿಂಗೇ ಅವಸರ ಮಾಡ್ತಿದ್ರಿ."

ಚಮಚದ ತುದಿಯಿಂದ ಮೊಳೆ ಕಿತ್ತಳು. ಒಂದೊಂದನ್ನೂ ತಾಟಿನಲ್ಲಿ ಹಾಕಿದಳು. ಟಿಣ್… ಟಿಣ್… ಕೊನೆಯ ಮೊಳೆಯ ಮೇಲೆ ಕೈ ನಿಂತಿತು. ಅಂಗೈಯನ್ನು ಪಕ್ಕೆಲುಬಿನ ಮೇಲಿಟ್ಟು ತುಸು ಹೊತ್ತು ಹಾಗೇ ಇದ್ದಳು. ಆಮೇಲೆ ಕಿತ್ತಳು. ಎಕ್ಸ್‌ರೇಯನ್ನು ಗಂಡನ ಟವೆಲಿನಲ್ಲಿ ಸುತ್ತಿ ಕೊಟ್ಟಳು.

"ಮಡಚಬ್ಯಾಡ್ರಿ. ಉಸಿರು ಹಿಡೀತದ ಅವರಿಗಿ."

ತೆರೆದ ಕಿಟಕಿಯಿಂದ ಕತ್ತಲು ಒಳಗೆ ಬಂತು. ಸುಂಯ್ ಸದ್ದು ನಿಂತಿತ್ತು. ಮದಿಹಾ ಓಣಿ ದಾಟುವವರೆಗೂ ರೊಟ್ಟಿ ಬಡಿಯುವ ಸದ್ದು ಮತ್ತೆ ಏಳಲಿಲ್ಲ.

ಮರಳಿ ಬರುವಾಗ ಟವೆಲಿನ ಗಂಟನ್ನು ಗುಫ್ರಾನನಿಗೂ ತನಗೂ ನಡುವೆ ನೆಟ್ಟಗೆ ಹಿಡಿದು ಕುಳಿತಿದ್ದಳು. ಘಟ್ಟದ ರಸ್ತೆ ಇಳಿದ ಮೇಲೆ ಅವನು ರೇಗಿದ.

"ಆಪಾ, ನನ್ನ ಕುತ್ತಿಗಿ ಮ್ಯಾಲ ಊದಬ್ಯಾಡ. ತಣ್ಣಗ ಹತ್ತತದ."

ಮದಿಹಾಳ ತಲೆಗೆ ಹೆಲ್ಮೆಟ್ ಇತ್ತು. ಅದರ ಗಾಜು ಕೆಳಗೆ ಇಳಿದಿತ್ತು.

ಮರುದಿನ ಕೋರ್ಟಿನಲ್ಲಿ ಅರ್ಜಿ ಬಿತ್ತು. ಅವಧಿಯೊಳಗೇ ಬಿತ್ತು. ಮಾಲೀಕನ ವಕೀಲರಿಗೆ ತಡವಾಗಿದೆ ಎಂದು ವಾದಿಸಲು ಜಾಗ ಉಳಿಯಲಿಲ್ಲ. ನಿರೀಕ್ಷಿಸಿದ ಹಾಗೆಯೇ ಅವರು ಬೀಡಿ ಎಂದರು, ಕ್ಷಯ ಎಂದರು. ವಿವೇಕಾನಂದ ವಕೀಲರು ಎಕ್ಸ್‌ರೇ ಹಾಜರುಪಡಿಸಿದರು. ಅದನ್ನು ತೆಗೆದುಕೊಂಡ ಗುಮಾಸ್ತ ಸೂರ್ಯಕಾಂತ, "ಮಳ್ಯಾಗ ತಂದೀರೇನ್ರಿ ಮೇಡಂ? ತೊಯ್ದದಲ್ಲ," ಎಂದು ಒರೆಸಿದನಂತೆ. ಒರೆಸಿದ ಜಾಗದಲ್ಲಿ ಮತ್ತೆ ಮಂಜು ಮೂಡಿತಂತೆ.

ಕೇಸು ಇನ್ನೂ ನಡೆದಿದೆ. ಅಂಬಮ್ಮ ಪ್ರತಿ ತಾರೀಖಿಗೂ ಬರುತ್ತಾಳೆ. ತೀರ್ಪು ಯಾವಾಗ ಎಂದು ಒಮ್ಮೆಯೂ ಕೇಳಿಲ್ಲ. "ಮುಗದ ಮ್ಯಾಲ ಅದನ್ನ ನನಗ ವಾಪಸ್ ಕೊಡ್ತಾರಲ್ಲರಿ?" ಎಂದಷ್ಟೇ ಕೇಳುತ್ತಾಳೆ.

ದೆವ್ವದ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ, ನಾನು ಆಡಗೊಡುವುದೂ ಇಲ್ಲ. ಅದಕ್ಕೇ ಈ ಬೇಸಿಗೆಯಲ್ಲಿ, ಡಾಕ್ಟರ ಸಾಕ್ಷಿಯ ದಿನ, ಮದಿಹಾಳೊಂದಿಗೆ ನಾನೇ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಹೊರಗೆ ಕಲಬುರಗಿಯ ಮೇ ತಿಂಗಳ ಬಿಸಿಲು, ತುಟಿ ಒಡೆಯುವಷ್ಟು ಒಣ ಗಾಳಿ. ಸೂರ್ಯಕಾಂತ ಎಕ್ಸ್‌ರೇ ಹೊರತೆಗೆದು ಅತ್ತಿತ್ತ ನೋಡಿ, "ಅಮ್ಮಾರ, ಒಂದು ಅರಬಿ ಇದ್ರ ಕೊಡ್ರಿ," ಎಂದ. ನನ್ನ ಕರವಸ್ತ್ರ ಕೊಟ್ಟೆ. ಬೆಳಿಗ್ಗೆ ನಾನೇ ಇಸ್ತ್ರಿ ಮಾಡಿದ್ದು, ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಒರೆಸಿ ಮರಳಿ ಕೊಟ್ಟ.

ಅದು ನಡೆದದ್ದು ಹೌದು. ಕರವಸ್ತ್ರ ನನ್ನ ಕಪಾಟಿನಲ್ಲಿದೆ. ಒಗೆದಿಲ್ಲ. ಅವನು ಮರಳಿ ಕೊಟ್ಟಾಗ ಅದು ಒದ್ದೆಯಾಗಿತ್ತು, ಒದ್ದೆಯಲ್ಲಿ ಬೂದು ಬಣ್ಣದ ಕಲ್ಲಿನ ಹುಡಿ ಕೆಸರಾಗಿ ಹತ್ತಿಕೊಂಡಿತ್ತು.