ಲಿಲ್ಲಿ ಬಾಯಿಯ ಬೆರಳಿಗೆ ಚುಚ್ಚಿದ ಸೂಜಿ

ಬಾ ಮಗಾ, ಇಲ್ಲಿ ಬಾಲ್ಕನಿಯಲ್ಲಿ ನನ್ನ ಹತ್ರ ಕೂತ್ಕೋ, ಬೇಕಾದ್ರೆ ಕಾಲು ಚಾಚು, ಸ್ವಲ್ಪ ಹೊತ್ತು ಈ ಮುದುಕಿ ಹೇಳುವುದನ್ನು ಕೇಳು. ಆ ಬೆರಳಿಗೆ ಸುತ್ತಿದ್ದು ಎಂತ? ನೀನು ಡ್ಯೂಟಿಯಿಂದ ಬಂದಾಗಿನಿಂದ ನೋಡ್ತಾ ಇದ್ದೇನೆ, ಎಡಗೈಯನ್ನು ಶಾಲಿನ ಅಡಿಗೆ ಇಟ್ಕೊಂಡೇ ತಿರುಗ್ತಾ ಇದ್ದಿ, ಊಟಕ್ಕೂ ಸರಿ ಕೂರಲಿಲ್ಲ. "ಇಟ್ಸ್ ನಥಿಂಗ್ ಅಜ್ಜಿ" ಅಂತ ನನ್ನ ಹತ್ರ ಹೇಳ್ಬೇಡ. ಒಳಗೆ ಫೋನಿನಲ್ಲಿ ಮಾತಾಡಿದ್ದು ಕೇಳಿಸಿತು. ಲ್ಯಾಬಿನಲ್ಲಿ ಯಾರದ್ದೋ ರಕ್ತ ತೆಗೆದ ಸೂಜಿ ತಾಗಿತು, ಹೊಸ ಕೆಲಸ, ಪ್ರೊಬೇಷನ್ ಮುಗೀಲಿಲ್ಲ, ಹಾಗಾಗಿ ಯಾರಿಗೂ ಹೇಳ್ಲಿಲ್ಲ, ಅಷ್ಟೇ ಅಲ್ವಾ? ಇಂಗ್ಲಿಷಿನಲ್ಲಿ ಹೇಳಿದ್ರೆ ಅಜ್ಜಿಗೆ ಗೊತ್ತಾಗುವುದಿಲ್ಲ ಅಂತ ಗ್ರಹಿಸಿದ್ದಾ? ಸೂಜಿಗೆ ಇಂಗ್ಲಿಷಿನಲ್ಲಿ ಎಂತ ಹೇಳ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತುಂಟು. ಶಾಲೆಗೆ ಹೋಗದ ನಾನು ಆ ಶಬ್ದ ಕಲಿತದ್ದು ಅಬುಧಾಬಿಯ ಬನಿಯಾಸಿನಲ್ಲಿ, ಲಾಂಡ್ರಿ ಕೆಲಸದಲ್ಲಿ. ಬೈಯುವುದಿಲ್ಲ, ಹೆದರ್ಬೇಡ. ಕೇಳು.

ನಿನ್ನ ಅಜ್ಜ ತೀರಿಹೋದ ಮೇಲೆ ಬೀಡಿ ಕಟ್ಟಿಕೊಂಡೇ ಮನೆ ನಡೆಸಿದವಳು ನಾನು, ಅದು ನಿನ್ನ ಅಮ್ಮನಿಗೆ ಗೊತ್ತುಂಟು, ಕೇಳಿ ನೋಡು. ಆಮೇಲೆ ಬೀಡಿ ಕೆಲಸವೂ ವಾರಕ್ಕೆ ಎರಡು ದಿವಸ ಆಯ್ತು. ಆಗ ನೀನು ಊರಲ್ಲಿ ಮೂರನೇ ಕ್ಲಾಸೋ ನಾಲ್ಕನೇ ಕ್ಲಾಸೋ, ನಿನ್ನ ಅಪ್ಪನಿಗೆ ಇಲ್ಲಿ ಫ್ಯಾಮಿಲಿ ವೀಸಾ ಆಗಿರಲಿಲ್ಲ. ನಮ್ಮ ಕಡೆಯವರೇ ಒಬ್ಬರು ಅಬುಧಾಬಿಯಲ್ಲಿ ಲಾಂಡ್ರಿ ಉಂಟು, ಬರ್ತೀರಾ ಅಂತ ಕೇಳಿದ್ರು. ಬಟ್ಟೆ ಒಗೆಯುವುದಲ್ವಾ, ಹೊಳೆಯಲ್ಲಿ ಒಗೆದವಳಿಗೆ ಮೆಷಿನ್ ಎಂತ ದೊಡ್ಡದು ಅಂತ ಬಂದದ್ದು. ಬಂದು ನೋಡಿದ್ರೆ ಮಾರಾಯ್ತಿ, ಮೆಷಿನ್ ಅಂದ್ರೆ ನಮ್ಮ ಬಚ್ಚಲು ಕೋಣೆಯಷ್ಟು ದೊಡ್ಡದು, ಒಳಗೆ ಮನುಷ್ಯ ನಿಲ್ಲಬಹುದು. ಹೊರಗೆ ಬಿಸಿಲು, ಒಳಗೆ ಹಬೆ, ಮೂಗಿನಲ್ಲಿ ಇಡೀ ದಿವಸ ಬ್ಲೀಚಿನ ವಾಸನೆ.

ಅಲ್ಲಿ ನನ್ನ ಪಕ್ಕದ ಮೇಜು ಲಿಲ್ಲಿ ಬಾಯಿಯದ್ದು. ಕಲ್ಯಾಣಪುರದ ಕಡೆಯವಳು, ಕೊಂಕಣಿಯವಳು, ನನ್ನದೇ ಪ್ರಾಯ, ಗಂಡ ಇದ್ದೂ ಇಲ್ಲದ ಹಾಗೆ. ಒಂದೇ ರೂಮು, ಕೆಳಗಿನ ಮಂಚ ನನ್ನದು, ಮೇಲಿನದ್ದು ಅವಳದ್ದು. ನಮ್ಮ ಮೇಲೆ ಸೂಪರ್‌ವೈಸರ್ ಮೂಡಬಿದ್ರೆಯ ಶೇಖರಣ್ಣ. ಬಾಯಿ ಜೋರು, ಮನುಷ್ಯ ಕೆಟ್ಟವನಲ್ಲ. ನನ್ನ ಹೆಸರು ಗುಲಾಬಿ ಅಲ್ವಾ, ದಿನಾ ಬಂದು, "ಎಂತ ಮಾರಾಯ್ರೇ, ಒಂದು ಗುಲಾಬಿ, ಒಂದು ಲಿಲ್ಲಿ, ಎರಡು ಹೂವು ಇದ್ದೂ ಇಲ್ಲಿ ಈ ನಾತವಾ?" ಅಂತ ಕೇಳುವುದು. ಲಿಲ್ಲಿ ಬಾಯಿ ಬಿಡ್ತಾಳಾ? "ನೀವು ಆಚೆ ಹೋದ್ರೆ ಅರ್ಧ ನಾತ ಹೋಗ್ತದೆ ಶೇಖರಣ್ಣ" ಅಂತ. ಹಾಗೆ ನಗಾಡಿಕೊಂಡು ಇದ್ದವರು ನಾವು.

ಬಟ್ಟೆ ಬರುವುದು ಎರಡು ಕಡೆಯಿಂದ. ಒಂದು ಹೋಟೆಲಿನದ್ದು, ಇನ್ನೊಂದು ಕ್ಲಿನಿಕ್ಕಿನದ್ದು. ಹೋಟೆಲಿನ ತಲೆದಿಂಬಿನ ಕವರಿಗೆ ನಾವು ಬರಿಗೈ ಹಾಕಿ ಮೂಲೆಯವರೆಗೆ ತಡಕಾಡ್ತಿದ್ದೆವು, ಕಿವಿಯ ಓಲೆ, ವಾಚು, ಮಾತ್ರೆ, ಎಂತೆಂತ ಸಿಗ್ತಿತ್ತು ಗೊತ್ತುಂಟಾ! ಸಿಕ್ಕಿದ್ದನ್ನು ವಾಪಸ್ ಕೊಟ್ಟರೆ ಹೋಟೆಲಿನವರು ಒಂದು ಡಬ್ಬ ಖರ್ಜೂರ ಕಳಿಸ್ತಿದ್ರು. ಕ್ಲಿನಿಕ್ಕಿನ ಬಟ್ಟೆ ಹಾಗಲ್ಲ. ಅದು ಬರುವುದು ಕೆಂಪು ಚೀಲದಲ್ಲಿ. ಆ ಚೀಲ ಬಿಸಿನೀರಿಗೆ ಕರಗ್ತದೆ ಮಗಾ, ಅದರ ಉಪಾಯವೇ ಅದು. ಬಿಡಿಸಲಿಕ್ಕಿಲ್ಲ, ಮುಟ್ಟಲಿಕ್ಕಿಲ್ಲ, ಹಾಗೇ ಎತ್ತಿ ಮೆಷಿನಿಗೆ ಹಾಕುವುದು, ಒಳಗೆ ಚೀಲ ಕರಗಿ ಬಟ್ಟೆ ತಾನೇ ಒಗೆದುಹೋಗುವುದು. ಎಷ್ಟು ಚಂದದ ವ್ಯವಸ್ಥೆ ನೋಡು! ಆದ್ರೆ ಕ್ಲಿನಿಕ್ಕಿನವರು ಹಾಸುಬಟ್ಟೆ ಕಮ್ಮಿ ಬರ್ತದೆ ಅಂತ ಜಗಳ ತೆಗೆದ್ರು. ಶೇಖರಣ್ಣ ಎಂತ ಮಾಡಿದ್ರು? "ಇನ್ನು ಚೀಲ ಬಿಡಿಸಿ ಲೆಕ್ಕ ಮಾಡಿಯೇ ಹಾಕಿ, ಯಲ್ಲಾ, ಬೇಗ ಬೇಗ" ಅಂದ್ರು. ಬಿಡಿಸಿದೆವು. ಕೈಚೀಲ ಇತ್ತು, ಅಲ್ಲ, ಗ್ಲೌಸು, ಇಷ್ಟು ದಪ್ಪದ್ದು. ನನ್ನದೂ ಅವಳದ್ದೂ ಬೀಡಿ ಕಟ್ಟಿದ ಕೈ. ಹಾ, ಅವಳೂ ಊರಲ್ಲಿ ಬೀಡಿಯೇ ಕಟ್ಟಿದ್ದು. ಎಲೆಯ ನರ ಬೆರಳ ತುದಿಯಲ್ಲಿ ನೋಡುವವರಿಗೆ ರಬ್ಬರು ಹಾಕಿದ್ರೆ ಕಣ್ಣು ಕಟ್ಟಿದ ಹಾಗೆ. ಗ್ಲೌಸನ್ನು ಮೇಜಿನ ಮೇಲೆ ಇಟ್ಟು, ಹೋಟೆಲಿನ ಬಟ್ಟೆಗೆ ಹಾಕಿದ ಹಾಗೇ ಇದಕ್ಕೂ ಕೈ ಹಾಕುವುದು.

ಒಂದು ಗುರುವಾರ ಬೆಳಿಗ್ಗೆ. ಲಿಲ್ಲಿ ಬಾಯಿ ಹಾಸುಬಟ್ಟೆಯ ಮಡಿಕೆ ಬಿಡಿಸ್ತಾ ಇದ್ದವಳು, "ಅಯ್ಯೋ ಜೆಜು!" ಅಂದಳು. ಜೋರಾಗಿ ಅಲ್ಲ, ಹಲ್ಲಿ ಮೈಮೇಲೆ ಬಿದ್ದ ಹಾಗೆ.

"ಎಂತಾಯ್ತು ಬಾಯಿ?"

"ಎಂತ ಇಲ್ಲ. ಪಿನ್ನು."

ಪಿನ್ನಲ್ಲ. ನಾನು ನೋಡಿದೆ, ಹಾಸುಬಟ್ಟೆಯಲ್ಲಿ ಸೂಜಿ ನೇತಾಡ್ತಿತ್ತು, ಹಿಂದೆ ಸಿರಿಂಜು, ಸಿರಿಂಜಿನಲ್ಲಿ ಕಪ್ಪು ರಕ್ತ. ಅವಳ ಬೆರಳ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು. ಅಷ್ಟೇ. ನಾನು ಶೇಖರಣ್ಣನನ್ನು ಕರೀಲಿಕ್ಕೆ ಬಾಯಿ ತೆರೆದದ್ದು, ನನ್ನ ಕೈ ಹಿಡ್ಕೊಂಡಳು, ಉಗುರು ಊರುವಷ್ಟು. "ಗುಲಾಬಿ, ನಿನ್ನ ಮಗಳ ಆಣೆ, ಯಾರಿಗೂ ಹೇಳ್ಬೇಡ. ಬರುವ ತಿಂಗಳು ನನ್ನ ವೀಸಾ ರಿನ್ಯೂವಲು. ಸೂಜಿ ಅಂತ ಹೇಳಿದ್ರೆ ರಕ್ತ ತೆಗೀತಾರೆ, ಅದರಲ್ಲಿ ಎಂತದ್ದಾದ್ರೂ ಬಂದ್ರೆ ಅನ್‌ಫಿಟ್, ಖಲಾಸ್, ಸೀದಾ ಏರ್‌ಪೋರ್ಟು. ಕ್ರಿಸ್ಮಸ್ ಕಳೆದು ನನ್ನ ಮಗಳು ಅನಿತಾಳ ಮದುವೆ. ಊರಲ್ಲಿ ಜನ ಎಂತ ಹೇಳ್ತಾರೆ? ತಾಯಿಗೆ ಆ ಕಾಯಿಲೆ ಅಂತ ಗೊತ್ತಾದ್ರೆ ಹುಡುಗನ ಮನೆಯವರು ರೋಸಿಗೆ ತೆಂಗಿನಕಾಯಿ ಒಡೀತಾರಾ?" ಮದುವೆಯ ಮುಂಚಿನ ದಿವಸ ಅವರಲ್ಲಿ ಮದುಮಗಳಿಗೆ ತೆಂಗಿನ ಹಾಲು ಹಚ್ಚುವುದು ಉಂಟಲ್ವಾ, ಅದು ರೋಸು. ಆ ಹಾಲು ತನ್ನ ಕೈಯಲ್ಲಿ ಹಚ್ಚಬೇಕು ಅಂತ ಅವಳಿಗೆ ಒಂದೇ ಆಸೆ. ಶೇಖರಣ್ಣನನ್ನು ಕರೀಲಿಲ್ಲ ನಾನು.

ಸೂಜಿಯನ್ನು ಒಂದು ಖಾಲಿ ಡಬ್ಬಕ್ಕೆ ಹಾಕಿ ಮುಚ್ಚಳ ಹಾಕಿದಳು, ಅಷ್ಟು ಬುದ್ಧಿ ಮಾಡಿದಳು ಪುಣ್ಯಾತ್ಗಿತ್ತಿ. ಮತ್ತೆ ಒಂದು ಬಕೆಟು ಹಿಡ್ಕೊಂಡು ಹಿಂದೆ ಬಾತ್‌ರೂಮಿಗೆ ಹೋದಳು. ನಮ್ಮವರ ಅಭ್ಯಾಸ ನಿನಗೆ ಗೊತ್ತುಂಟಲ್ವಾ, ಶೀತ ಆದ್ರೆ ಕಷಾಯಕ್ಕೆ ಒಳ್ಳೆಮೆಣಸು ಹಾಕು, ಜೀರಿಗೆ ಹಾಕು, ಶುಂಠಿ ಹಾಕು, ತುಳಸಿ ಹಾಕು, ಎಷ್ಟು ಬಗೆ ಸೇರ್ತದೋ ಅಷ್ಟು ಮದ್ದು ಗಟ್ಟಿ. ಅದೇ ಲೆಕ್ಕ ಅವಳದ್ದು. ರಕ್ತದ ಕಲೆ ತೆಗೆಯುವುದು ಬ್ಲೀಚು, ತುಕ್ಕಿನ ಕಲೆ ತೆಗೆಯುವುದು ಆಸಿಡ್ಡು, ಎರಡೂ ಸೇರಿದ್ರೆ ಯಾವ ಹುಳ ಉಳೀತದೆ? ಬಾಗಿಲು ಹಾಕ್ಕೊಂಡು ಬಕೆಟಿಗೆ ಬ್ಲೀಚು ಹಾಕಿ, ಅದರ ಮೇಲೆ ಆ ಆಸಿಡ್ಡು ಹಾಕಿ, ಕೈ ಮುಳುಗಿಸಿದ್ದು.

ನನಗೆ ಮೊದಲು ಕೆಮ್ಮು ಕೇಳಿತು. ಕೆಮ್ಮಲ್ಲ, ಕೋಳಿಯ ಕತ್ತು ಹಿಡಿದ ಹಾಗೆ ಒಂದು ಶಬ್ದ. ಓಡಿ ಹೋಗಿ ಬಾಗಿಲು ದೂಡಿದ್ರೆ, ಮಗಾ, ಮೆಣಸು ಕರಟಿದ ಘಾಟು ಇರ್ತದಲ್ವಾ, ಅದರ ನೂರು ಪಟ್ಟು. ಕಣ್ಣು ಬಿಡ್ಲಿಕ್ಕಾಗ್ಲಿಲ್ಲ. ಅವಳು ಗೋಡೆಗೆ ಒರಗಿ ಕೂತಿದ್ದಳು, ಕೈ ಕೆಂಪು ಕೆಂಪು. ಒಳಗೆ ನುಗ್ಗಲಿಕ್ಕೆ ಹೋದವಳನ್ನು ಶೇಖರಣ್ಣ ಹಿಂದಿನಿಂದ ಎಳೆದ್ರು. "ಹೋಗ್ಬೇಡಿ ಗುಲಾಬಿಯಕ್ಕ, ಇಬ್ಬರೂ ಬೀಳ್ತೀರಿ! ಶಟರ್ ಎತ್ತಿ! ಫ್ಯಾನ್ ಹಾಕಿ! ಯಲ್ಲಾ, ಎಲ್ಲರೂ ಹೊರಗೆ!" ಅವರೇ ಉಸಿರು ಕಟ್ಟಿ, ತಲೆ ತಗ್ಗಿಸಿ ಹೋಗಿ ಅವಳ ಎರಡು ಕಾಲು ಹಿಡಿದು ದರದರ ಎಳ್ಕೊಂಡು ಬಂದ್ರು. ಹೊರಗೆ ಮರಳಿನಲ್ಲಿ ಮಲಗಿಸಿ ಕೈಗೂ ಮುಖಕ್ಕೂ ಪೈಪಿನ ನೀರು ಬಿಟ್ರು. ಹಾಗೆ ಮಾಡಬಾರದು, ಗ್ಯಾಸಿನ ಒಳಗೆ ಹಾಗೆ ಹೋಗಲಿಕ್ಕಿಲ್ಲ, ಅಂತ ಆಮೇಲೆ ಅವರಿಗೂ ಬೈಗುಳ ಬಿತ್ತು. ಅದು ಬೇರೆ ಮಾತು.

ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಇಟ್ರು. ಸ್ವಲ್ಪ ಉಸಿರು ಸರಿಯಾದ ಮೇಲೆ ಒಬ್ಬಳು ನರ್ಸು, ಮಲಯಾಳಿ ಹುಡುಗಿ, ಕೇಳಿದಳು ಹಿಂದಿಯಲ್ಲಿ, "ಗ್ಯಾಸು ಆದದ್ದು ಸರಿ ಚೇಚಿ, ಕೈ ಯಾಕೆ ಬಕೆಟಿನಲ್ಲಿ ಇಟ್ಟದ್ದು?" ಲಿಲ್ಲಿ ಬಾಯಿ ಕಣ್ಣು ಮುಚ್ಚಿಕೊಂಡಳು. ಶೇಖರಣ್ಣ, "ಏನೋ ಕಲೆ ತೊಳೀಲಿಕ್ಕೆ ಇರಬೇಕು ಸಿಸ್ಟರ್" ಅಂದ್ರು, ಅವರಿಗೆ ಸೂಜಿಯ ವಿಷಯ ಗೊತ್ತೇ ಇರಲಿಲ್ಲ. ನರ್ಸು ಬರೆದುಕೊಂಡು ತಿರುಗಿದಳು. ಅವಳು ಆ ಪರದೆ ದಾಟಿದ್ರೆ ಮುಗೀತು. ನನ್ನ ಮಗಳ ಆಣೆ, ನಿನ್ನ ಅಮ್ಮನ ಆಣೆ ಅದು. ದೇವರೇ, ನನ್ನ ಮಗಳನ್ನು ನೀನೇ ನೋಡ್ಕೋ ಅಂತ ಹೇಳಿ ಬಾಯಿ ಬಿಟ್ಟೆ. "ಸಿಸ್ಟರ್, ಸೂಜಿ."

ನರ್ಸು ಬೈಯಲಿಲ್ಲ. ಹೆದರಲೂ ಇಲ್ಲ. "ಯಾವಾಗ? ಎಲ್ಲಿಯ ಸೂಜಿ? ಇಟ್ಟಿದ್ದೀರಾ?" ಅಂತ ಕೇಳಿದಳು. ಕೆಂಪು ಚೀಲ ಬಿಡಿಸಿದ್ದು, ಸೂಜಿ ಡಬ್ಬದಲ್ಲಿ ಇಟ್ಟದ್ದು, ಎಲ್ಲ ಹೇಳಿದೆ. ಲಿಲ್ಲಿ ಬಾಯಿಯ ಹತ್ರ ಕೂತು, "ಚೇಚಿ, ಇವತ್ತೇ ಹೇಳಿದ್ದು ಒಳ್ಳೇದಾಯ್ತು. ಇದಕ್ಕೆ ಇಂಜೆಕ್ಷನ್ ಉಂಟು, ಮಾತ್ರೆ ಉಂಟು, ಆದ್ರೆ ತಡ ಮಾಡಿದಷ್ಟು ಅದರ ಬಲ ಕಮ್ಮಿ. ಬರೀ ಸಾಬೂನು, ಹರಿಯುವ ನೀರು, ಅಷ್ಟೇ ಮಾಡಬೇಕಾದ್ದು. ಬ್ಲೀಚು ಬೇಡ, ಹಿಂಡುವುದೂ ಬೇಡ" ಅಂದಳು. ಮತ್ತೆ ಶೇಖರಣ್ಣನ ಕಡೆ ನೋಡಿ, "ಚೀಲ ಯಾಕೆ ಬಿಡಿಸಿದ್ದು? ಯಾವ ಕ್ಲಿನಿಕ್ಕು? ಆ ಪೇಷಂಟಿನ ರಕ್ತದ ವಿಷಯ ಡಾಕ್ಟರಿಗೆ ಗೊತ್ತಾಗಬೇಕು." ಶೇಖರಣ್ಣ ಬಿಳಿಚಿಹೋದ್ರು. ಅವರಿಗೂ ಹೆಂಡತಿ ಮಕ್ಕಳು, ಅವರದ್ದೂ ಕೆಲಸ. ನನ್ನ ಮುಖ ನೋಡಿದ್ರು, ಲಿಲ್ಲಿ ಬಾಯಿಯ ಮುಖ ನೋಡಿದ್ರು. ಆಮೇಲೆ ಫೋನು ತೆಗೆದು, ನಮ್ಮೆಲ್ಲರ ಎದುರೇ ಕ್ಲಿನಿಕ್ಕಿಗೂ ಆಫೀಸಿಗೂ ಹೇಳಿದ್ರು, "ಚೀಲ ಬಿಡಿಸಲಿಕ್ಕೆ ಹೇಳಿದ್ದು ನಾನು. ಹೆಂಗಸರದ್ದು ತಪ್ಪಿಲ್ಲ." ಜೋರು ಬಾಯಿಯ ಮನುಷ್ಯ, ಆ ದಿವಸ ಸ್ವರವೇ ಏಳಲಿಲ್ಲ.

ಇಂಜೆಕ್ಷನ್ ಆಯ್ತು, ಮಾತ್ರೆ ಆಯ್ತು. ರೂಮಿಗೆ ಬಂದ ಮೇಲೆ ಲಿಲ್ಲಿ ಬಾಯಿ ನನ್ನ ಹತ್ರ ಮಾತು ಬಿಟ್ಟಳು. ಮೇಲಿನ ಮಂಚದಿಂದ ಜಪಮಣಿಯ ಶಬ್ದ ಮಾತ್ರ ಕೆಳಗೆ ಬರ್ತಿತ್ತು. ಅವಳ ಬಟ್ಟಲು ಬೇರೆ, ಲೋಟ ಬೇರೆ, ಟವೆಲು ಬೇರೆ, ಎಲ್ಲ ತನ್ನಷ್ಟಕ್ಕೇ ಬೇರೆ ಇಟ್ಕೊಂಡಳು. ಮೂಲೆಯಲ್ಲಿ ಗೋಡೆ ಕಡೆ ತಿರುಗಿ ಉಣ್ಣುವುದು. ಒಟ್ಟಿಗೆ ಉಂಡ್ರೆ ಇದು ಹರಡುವುದಿಲ್ಲ ಅಂತ ಆ ನರ್ಸು ನಮ್ಮಿಬ್ಬರಿಗೂ ಬಿಡಿಸಿ ಹೇಳಿದ್ದಳು, ಆದ್ರೂ ಅವಳ ಮನಸ್ಸಿಗೆ ಹೋಗಬೇಕಲ್ಲ! ಒಂದು ದಿವಸ ಬಂಗುಡೆ ಸಾರು ಮಾಡಿದ್ದೆ. ಅವಳ ಬಟ್ಟಲಲ್ಲಿ ಅರ್ಧ ತಿಂದ ಮೀನು ಇತ್ತು. ನಾನು ಹೋಗಿ ಎದುರು ಕೂತು, ಕೈ ಹಾಕಿ ಆ ಮೀನಿನ ತಲೆ ತೆಗೆದು ಬಾಯಿಗೆ ಇಟ್ಟೆ.

"ಹುಚ್ಚಾ ನಿನಗೆ ಗುಲಾಬಿ? ಉಗುಳು!"

"ಬಂಗುಡೆಯ ತಲೆ ಯಾರಾದ್ರೂ ಉಗುಳ್ತಾರಾ?" ಅಂದೆ.

ಅವಳು ನಗ್ತಾಳೆ ಅಂತ ಮಾಡಿದ್ದು. ಅತ್ತಳು ಮಗಾ, ಬಟ್ಟಲಿಗೆ ಕಣ್ಣೀರು ಬೀಳುವಷ್ಟು ಅತ್ತಳು. "ನಿನ್ನ ಮಗಳ ಆಣೆ ಮುರಿದಿಯಲ್ಲ, ಅವಳಿಗೆ ಎಂತಾದ್ರೂ ಆದ್ರೆ?" ಅಂತ ಕೇಳಿದಳು. ಅಷ್ಟು ದಿವಸ ಸಿಟ್ಟು ಅಂತ ನಾನು ತಿಳ್ಕೊಂಡದ್ದು, ಸಿಟ್ಟಲ್ಲ, ಆ ಹೆದರಿಕೆ. "ನನ್ನ ಮಗಳು ಗಟ್ಟಿ ಇದ್ದಾಳೆ, ನೀನು ಉಣ್ಣು" ಅಂದೆ.

ಕಾಯುವುದು ಇತ್ತಲ್ವಾ, ಅದು ಸೂಜಿಗಿಂತ ಕಷ್ಟ. ಒಂದು ಪರೀಕ್ಷೆ ಆದ್ರೆ ಮುಗಿಯುವುದಿಲ್ಲ, ಕೆಲವು ವಾರ ಬಿಟ್ಟು ಇನ್ನೊಮ್ಮೆ, ಮತ್ತೆ ತಿಂಗಳು ಬಿಟ್ಟು ಇನ್ನೊಮ್ಮೆ. ಅದರ ನಡುವೆ ವೀಸಾದ ಮೆಡಿಕಲ್. ಅವಳು ಅಲ್ಲಿ ಸಾಲಿನಲ್ಲಿ ನಿಂತಿದ್ದಾಗ ನಾನು ಲಾಂಡ್ರಿಯಲ್ಲಿ ಒಂದೇ ಹಾಸುಬಟ್ಟೆಯನ್ನು ಎಷ್ಟು ಸಲ ಮಡಚಿದೆನೋ ಏನೋ.

ಅಷ್ಟರಲ್ಲಿ ಲಾಂಡ್ರಿಯಲ್ಲಿ ಎಲ್ಲ ಬದಲಾಯ್ತು. ಇನ್ನು ಯಾರಾದ್ರೂ ಕೆಂಪು ಚೀಲ ಬಿಡಿಸಿದ್ರೆ ಆ ದಿನವೇ ಮೆಮೊ. ಬ್ಲೀಚು ಈ ಗೋಡೆಗೆ, ಆಸಿಡ್ಡು ಆ ಗೋಡೆಗೆ, ಎರಡಕ್ಕೂ ಬೀಗ. ಓದಲಿಕ್ಕೆ ಬಾರದವರು ನಾವು ಅರ್ಧಕ್ಕರ್ಧ ಇದ್ದೆವಲ್ಲ, ಹಾಗಾಗಿ ಕ್ಯಾನಿನ ಮೇಲೆ ಚಿತ್ರ ಅಂಟಿಸಿದ್ರು. ಸೂಜಿ ಹಾಕಲಿಕ್ಕೆ ಗಟ್ಟಿಯ ಹಳದಿ ಡಬ್ಬ ಬಂತು. ಕೈಗೆ ಸರಿಯಾಗುವ ಗ್ಲೌಸು ಬಂತು. ನಮಗೆಲ್ಲ ಹೆಪಟೈಟಿಸಿನ ಲಸಿಕೆಯೂ ಕೊಟ್ರು. ಇಷ್ಟು ಮಾಡಲಿಕ್ಕೆ ಒಬ್ಬಳ ಬೆರಳು ಬೇಕಾಯ್ತು.

ಯಾರು ಯಾರು ಎಂತಾದ್ರು ಅಂತ ಹೇಳ್ತೇನೆ ಕೇಳು. ಲಿಲ್ಲಿ ಬಾಯಿಯ ರಕ್ತ ಎಲ್ಲ ಸಲವೂ ಒಳ್ಳೆದೇ ಬಂತು. ಅನಿತಾಳಿಗೆ ರೋಸಿನ ಹಾಲು ತನ್ನ ಕೈಯಲ್ಲೇ ಹಚ್ಚಿದಳು, ಸೂಜಿ ತಾಗಿದ ಅದೇ ಕೈ. ಆದ್ರೆ ಆ ಗ್ಯಾಸು ಕುಡಿದ ಎದೆ ಮತ್ತೆ ಮೊದಲಿನ ಹಾಗೆ ಆಗ್ಲಿಲ್ಲ. ಈಗ ಊರಲ್ಲೇ ಇದ್ದಾಳೆ, ಮೆಟ್ಟಿಲು ಹತ್ತಿದ್ರೆ ನಿಲ್ಲಬೇಕು, ಒಗ್ಗರಣೆಯ ಹೊಗೆ ಬಂದ್ರೆ ಹೊರಗೆ ಓಡಬೇಕು. ಸೂಜಿ ಅವಳನ್ನು ಬಿಟ್ಟಿತು, ಮುಚ್ಚಿಟ್ಟದ್ದು ಬಿಡಲಿಲ್ಲ. ಶೇಖರಣ್ಣನನ್ನು ಸೂಪರ್‌ವೈಸರಿನಿಂದ ತೆಗೆದು ವ್ಯಾನು ಓಡಿಸಲಿಕ್ಕೆ ಹಾಕಿದ್ರು. ಎರಡು ವರ್ಷ ಓಡಿಸಿ ಊರಿಗೆ ಹೋಗಿ ಈಗ ಮೂಡಬಿದ್ರೆಯಲ್ಲಿ ಹೂವಿನ ಅಂಗಡಿ ಇಟ್ಟಿದ್ದಾರೆ, ಹೌದು ಮಾರಾಯ್ತಿ, ಹೂವಿನದ್ದೇ. ಆ ನರ್ಸು ಎಲ್ಲಿದ್ದಾಳೋ, ಹೆಸರೂ ಕೇಳ್ಲಿಲ್ಲ ನಾನು, ತಣ್ಣಗಿರಲಿ. ನಿನ್ನ ಅಮ್ಮನಿಗೆ ಆಣೆ ತಾಗಲಿಲ್ಲ, ನೋಡು, ಒಳಗೆ ಕುಕ್ಕರಿನ ಹತ್ರ ಪದ್ಯ ಹೇಳ್ಕೊಂಡು ಇದ್ದಾಳೆ. ನಾನು ಇಲ್ಲಿ ಕೂತಿದ್ದೇನೆ.

ಇನ್ನು ನಿನ್ನದೊಂದು ಬಾಕಿ. ಕಾಲಿಗೆ ಮುಳ್ಳು ಹೊಕ್ಕಿದ್ರೆ ನಾಚಿಕೆ ಎಂತಕ್ಕೆ, ತೆಗೆಸಿಕೊಳ್ಳದೆ ಕುಂಟುವುದಕ್ಕೆ ನಾಚಬೇಕು. ಏಳು ಮಗಾ, ಫೋನು ತೆಗೆ, ಲ್ಯಾಬಿನವರಿಗೆ ಹೇಳು.