ಪುಕ್ಕಟೆ ಕರಡು

ಮ್ಯಾನಿಟೋಬಾದ ನಮ್ಮ ಊರಿನ ವಿಶ್ವವಿದ್ಯಾಲಯದ ಎದುರು ಬಸ್ಸಿಗಾಗಿ ಸಾಲಿನಲ್ಲಿ ನಿಂತಿದ್ದಾಗ, ನನ್ನ ಮುಂದಿದ್ದ ಅರ್ಥಶಾಸ್ತ್ರದ ಪ್ರಾಧ್ಯಾಪಕ ಥೋರ್ವಾಲ್ಡ್‌ಸನ್ ಅವರಿಗೂ ಅವರ ಸಂಶೋಧನಾ ವಿದ್ಯಾರ್ಥಿನಿ ನೊರೀನ್‌ಗೂ ನಡೆದ ಮಾತುಕತೆ ಇದು.

"ಸರ್, ನಿಮ್ಮ ಪ್ರಬಂಧ ಓದಿ ಸಾರಿಗೆ ಸಮಿತಿಯವರು ರಾತ್ರಿ ಬಸ್ಸು ನಿಲ್ಲಿಸೋಕೆ ಹೊರಟಿದಾರೆ. ಇವತ್ತೇ ಮತ ಹಾಕ್ತಾರಂತೆ."

"ನಿಲ್ಲಿಸಬೇಡಿ ಅಂತ ತಾನೇ ನಾನು ಬರೆದಿರೋದು?"

"ಅದು ಸಂಶೋಧನಾ ಪತ್ರಿಕೇಲಿ ಅಚ್ಚಾಗಿದ್ದು. ಚಂದಾ ಕಟ್ಟದೋರಿಗೆ ತೆರೆಯಲ್ಲ. ಅವರು ಓದಿರೋದು ನಿಮ್ಮ ಜಾಲತಾಣದಲ್ಲಿ ಪುಕ್ಕಟೆ ಸಿಗೋ ಹಳೇ ಕರಡು."

"ಅದರಲ್ಲಿ ಲೆಕ್ಕ ತಪ್ಪಿ, ಬಸ್ಸು ನಿಲ್ಲಿಸಿ ಅಂತ ಬಂದಿತ್ತಲ್ಲಮ್ಮ."

"ಅದಕ್ಕೇ ಅದನ್ನ ತೆಗೆದು, ತಿದ್ದಿದ ಪ್ರತಿ ಹಾಕಿ ಅಂತಿರೋದು. ಪತ್ರಿಕೆಯವರೇ ಒಪ್ಪಿದಾರೆ."

"ನೋಡಮ್ಮ, ನನ್ನ ಬರಹಗಳಲ್ಲಿ ಜನ ಅತಿ ಹೆಚ್ಚು ಉಲ್ಲೇಖಿಸಿರೋದು ಆ ಕರಡನ್ನೇ. ತೆಗೆದುಬಿಟ್ರೆ ಆ ಹೆಸರೆಲ್ಲ ಎಲ್ಲಿಗೆ ಹೋಗ್ಬೇಕು?"

"ಹೆಸರು ಎಲ್ಲಿಗಾದ್ರೂ ಹೋಗ್ಲಿ. ಸಂಜೆ ತರಗತಿ ಮುಗಿಸಿ ರಾತ್ರಿ ನೀವು ಮನೆಗೆ ಹೋಗೋದೂ ಆ ಬಸ್ಸಲ್ಲೇ ಅಲ್ವಾ ಸರ್?"

ಪ್ರಾಧ್ಯಾಪಕರು ಟೋಪಿಯ ಮೇಲಿನ ಹಿಮವನ್ನು ಕೊಡವಿ, ಕೈಗವಸು ಕಳಚಿ, ಫೋನನ್ನು ಹೊರತೆಗೆದರು.

"ಎಲ್ಲಿ ಒತ್ತಬೇಕು, ತೋರಿಸು. ಸಮಿತಿಗೂ ಒಂದು ಪ್ರತಿ ಕಳಿಸಿಬಿಡು. ಆ ಕರಡು ಬರೆದವನಿಗೆ ಲೆಕ್ಕ ಬರಲ್ಲ ಅಂತ ಬರಿ."

"ಬರೆದವರು ನೀವೇ, ಸರ್."

"ಅದೊಂದು ಬರೀಬೇಡ."

ಅಷ್ಟರಲ್ಲಿ ಬಸ್ಸು ಬಂದಿತು. ಇಬ್ಬರೂ ಒಂದೇ ಫೋನಿಗೆ ತಲೆ ಬಗ್ಗಿಸಿಕೊಂಡು ಹತ್ತಿದರು.